‘ಇದು ಸಿವಿಲ್ ಮ್ಯಾಟರ್’ ಎಂದು ಠಾಣೆಯಿಂದ ಕಳಿಸಿದಾಗ ಸೈಟಿನ ಮಾಲೀಕರು ಮಾಡಬೇಕಾದದ್ದು

ಬೇಲಿ ಕಿತ್ತು ರಾತ್ರೋರಾತ್ರಿ ತಗಡಿನ ಶೆಡ್ ಹಾಕಿದ್ದಾರೆ, ಗೇಟಿಗೆ ಬೇರೆ ಬೀಗ ಬಿದ್ದಿದೆ. ಠಾಣೆಗೆ ಓಡಿದರೆ, ‘ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅನ್ನುತ್ತಾರೆ. ಆ ಮಾತು ಅರ್ಧ ಮಾತ್ರ ಸರಿ. ಆದರೆ ‘ಅವನನ್ನು ಅರೆಸ್ಟ್ ಮಾಡಿ’ ಎಂದು ತಿಂಗಳುಗಟ್ಟಲೆ ಠಾಣೆಗೆ ಅಲೆಯುವುದು ಅದಕ್ಕಿಂತ ದೊಡ್ಡ ತಪ್ಪು. ಕಾರಣ ಮುಂದೆ ಹೇಳುತ್ತೇನೆ.

ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಮನೆಯೊಳಗೆ ನುಗ್ಗಿದ್ದರೆ ಜೈಲು 1 ವರ್ಷದವರೆಗೆ. ಎರಡೂ ಸಂಜ್ಞೇಯ ಅಪರಾಧಗಳು, ಹಾಗಾಗಿ ಎಫ್‌ಐಆರ್ ಹಾಕಲು ಪೊಲೀಸರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಎರಡೂ ಜಾಮೀನು ಸಿಗುವಂಥವು. ಹಿಡಿದರೂ ಠಾಣೆಯಲ್ಲೇ ಜಾಮೀನು ಕೊಟ್ಟು ಬಿಡಬೇಕು, ಶೆಡ್ ಇದ್ದಲ್ಲೇ ಇರುತ್ತದೆ. 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣಗಳಲ್ಲಿ ಸುಮ್ಮನೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆದ್ದರಿಂದ ಕೇಳಬೇಕಾದದ್ದು ಬಂಧನವನ್ನಲ್ಲ, ಎಫ್‌ಐಆರನ್ನು.

ದೂರು ಬರೆಯುವಾಗ ಬಹಳ ಜನ ಎಡವುತ್ತಾರೆ. ‘ನನ್ನ ಸೈಟಿಗೆ ನುಗ್ಗಿದ್ದಾರೆ’ ಎಂದಷ್ಟೇ ಬರೆದರೆ ಅಪರಾಧವಾಗುವುದಿಲ್ಲ. ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಕಾಣಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಕಂಬ ಕಿತ್ತರು, ಏನೆಂದು ಬೆದರಿಸಿದರು, ಏನು ಒಯ್ದರು, ಅಲ್ಲಿಯವರೆಗೆ ಜಾಗ ಯಾರ ಸ್ವಾಧೀನದಲ್ಲಿತ್ತು, ಎಲ್ಲವೂ ಬೇಕು. ಜೊತೆಗೆ ಕ್ರಯಪತ್ರ, ಇ-ಖಾತೆ ಅಥವಾ ಪಹಣಿ, ಇ.ಸಿ. (ಋಣಭಾರ ಪ್ರಮಾಣಪತ್ರ), ತೆರಿಗೆ ರಸೀದಿ, ಚೆಕ್ಕುಬಂದಿ ಕಾಣುವ ನಕ್ಷೆ. ವಿಡಿಯೊ ತೆಗೆದ ಮೊಬೈಲನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಮುಂದೆ ಕೋರ್ಟಿನಲ್ಲಿ ಆ ವಿಡಿಯೊ ಯಾವ ಸಾಧನದಿಂದ ಬಂತೆಂದು ತಿಳಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ, ಇಲ್ಲವೇ ಹಿಂಬರಹ (ಎಫ್‌ಐಆರ್ ಹಾಕದ ಕಾರಣ ಬರೆದ ಲಿಖಿತ ಉತ್ತರ) ಕೊಟ್ಟು ಕಳಿಸಿದರೆ, ಆ ಹಿಂಬರಹವನ್ನು ಜೋಪಾನ ಮಾಡಿ. ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಗೆ, ಬೆಂಗಳೂರಿನಂಥ ಕಡೆ ಡಿಸಿಪಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಏನೂ ಆಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 175(3)ರಡಿ, ತನಿಖೆಗೆ ಆದೇಶಿಸಿ ಎಂದು ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ. ಎಸ್‌ಪಿಗೆ ಕಳಿಸಿದ ದಾಖಲೆ ಮತ್ತು ಅಫಿಡವಿಟ್ ಇಲ್ಲದಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ತನಿಖೆ ಬೇಡ, ಸಾಕ್ಷಿಗಳು ಕೈಯಲ್ಲೇ ಇದ್ದಾರೆ ಎಂದಾದರೆ 223ರಡಿ ನೇರ ಖಾಸಗಿ ದೂರು, ವಕೀಲರು ಪಿಸಿಆರ್ ಅನ್ನುವುದು ಇದನ್ನೇ.

ಇಷ್ಟಾದರೂ ಇದು ಶಿಕ್ಷೆಯ ದಾರಿ, ಜಾಗ ವಾಪಸು ಪಡೆಯುವ ದಾರಿ ಬೇರೆ. ಅದಕ್ಕೆ ಗಡುವಿದೆ. ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಮಿನಡಿ, ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು 6 ತಿಂಗಳೊಳಗೆ ದಾವೆ ಹೂಡಿದರೆ ಸಾಕು, ಜಾಗ ಯಾರದ್ದೆಂಬ ಪ್ರಶ್ನೆಯನ್ನು ಕೋರ್ಟ್ ಎತ್ತುವುದೇ ಇಲ್ಲ. ಮೊದಲು ಸ್ವಾಧೀನದಲ್ಲಿದ್ದವರು ಯಾರು ಎಂಬುದಷ್ಟೇ ಮುಖ್ಯ. ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ. ಠಾಣೆಗೆ ಅಲೆದ ದಿನಗಳನ್ನು ಈ 6 ತಿಂಗಳ ಲೆಕ್ಕದಿಂದ ಬಿಡುವುದಿಲ್ಲ. ಅಲೆದಾಟ ತಪ್ಪು ಅಂದದ್ದು ಇದಕ್ಕೇ. ಗಡುವು ಮೀರಿದರೆ ಹಕ್ಕಿನ ಆಧಾರದ ದಾವೆಗೆ 12 ವರ್ಷವಿದೆ, ಆದರೆ ಅಲ್ಲಿ ಕ್ರಯಪತ್ರದ ಸರಪಳಿ ಪೂರ್ತಿ ಸಾಬೀತು ಮಾಡಬೇಕು, ಎದುರಿನವರಿಗೆ ಮೇಲ್ಮನವಿಯ ದಾರಿಯೂ ತೆರೆದಿರುತ್ತದೆ.

ಸ್ವಾಧೀನ ಹೋದ ಮೇಲೂ ಬರೀ ತಡೆಯಾಜ್ಞೆ ಕೇಳಿ ದಾವೆ ಹಾಕುವುದು ನಮ್ಮಲ್ಲಿ ಅತಿ ಸಾಮಾನ್ಯ, ಅತಿ ದುಬಾರಿ ತಪ್ಪು. ತಡೆಯಾಜ್ಞೆ ಸ್ವಾಧೀನದಲ್ಲಿ ಇರುವವರಿಗೆ. ಹೋದ ಮೇಲೆ ಸ್ವಾಧೀನವನ್ನೇ ಕೇಳಬೇಕು. ಎದುರಿನವರೂ ಕಾಗದಪತ್ರ ಹಿಡಿದು ಬಂದು ನಿಮ್ಮ ಹಕ್ಕಿನ ಮೇಲೆ ಗಂಭೀರ ಅನುಮಾನ ಎಬ್ಬಿಸಿದ್ದರೆ ಹಕ್ಕು ಘೋಷಣೆಯನ್ನೂ ಕೇಳಬೇಕು. ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಬೇಲಿ ಇನ್ನೂ ಉಳಿದಿದ್ದು ಬರೀ ಬೆದರಿಕೆ ಇದ್ದಾಗ ಮಾತ್ರ ತಡೆಯಾಜ್ಞೆ ದಾವೆ ಸರಿ. ಆದೇಶ ಸಿಕ್ಕಮೇಲೂ ಕಾಟ ನಿಲ್ಲದಿದ್ದರೆ ಪೊಲೀಸ್ ರಕ್ಷಣೆಗೆ ಅದೇ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ಆಗ ‘ಸಿವಿಲ್ ಮ್ಯಾಟರ್’ ಎಂಬ ಉತ್ತರಕ್ಕೆ ಜಾಗವಿಲ್ಲ.

ಗಡಿಯದ್ದೇ ತಕರಾರಾದರೆ ಮೊದಲು ಹದ್ದುಬಸ್ತಿಗೆ (ಸರ್ಕಾರಿ ಸರ್ವೇಯರ್ ಗಡಿ ಅಳೆದು ಗುರುತಿಸುವುದಕ್ಕೆ) ಅರ್ಜಿ ಕೊಡಿ. ಅಳತೆ ಇಲ್ಲದ ದಾವೆ ವರ್ಷಗಟ್ಟಲೆ ಎಳೆಯುತ್ತದೆ. ಇನ್ನೊಂದು ಮಾತು: ಕರ್ನಾಟಕದ ಭೂಕಬಳಿಕೆ ನಿಷೇಧ ಕಾಯ್ದೆ, 2011 ಸರ್ಕಾರಿ, ವಕ್ಫ್, ಮುಜರಾಯಿ, ಸ್ಥಳೀಯ ಸಂಸ್ಥೆಗಳಂಥ ಜಮೀನಿಗೆ. ಖಾಸಗಿ ಸೈಟಿನ ದೂರು ಹೊತ್ತು ಆ ವಿಶೇಷ ನ್ಯಾಯಾಲಯಕ್ಕೆ ಹೋಗಿ ದಿನ ಕಳೆಯಬೇಡಿ. ಅವಧಿ ಮುಗಿದರೂ ಬಿಡದ ಬಾಡಿಗೆದಾರರೂ ಅತಿಕ್ರಮಿಗಳಲ್ಲ, ಅವರನ್ನು ಬಿಡಿಸುವ ಕಾನೂನೇ ಬೇರೆ.

ವಿದೇಶದಲ್ಲಿರುವ ಕನ್ನಡಿಗರು ಊರಿನಲ್ಲಿರುವ ನಂಬಿಕಸ್ಥರಿಗೆ ಈ ಕೆಲಸಗಳನ್ನು ತಮ್ಮ ಪರವಾಗಿ ನಡೆಸಲು ಜಿಪಿಎ (ಅಧಿಕಾರ ಪತ್ರ) ಕಳಿಸುವಾಗ, ಅದು ರಾಜ್ಯಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ.

ಜನ ಕರೆದುಕೊಂಡು ಹೋಗಿ ಶೆಡ್ ಕೆಡವಿಸುವ ಯೋಚನೆ ಬಿಡಿ. ನುಗ್ಗುತ್ತಿರುವ ಹೊತ್ತಿನಲ್ಲಿ, ಅಗತ್ಯ ಇರುವಷ್ಟೇ ಬಲದಿಂದ ತಡೆಯುವ ಹಕ್ಕು ಕಾನೂನಿನಲ್ಲಿದೆ. ಅವರು ನೆಲೆಯೂರಿದ ಮೇಲೆ ಅದು ಉಳಿಯುವುದಿಲ್ಲ. ಕೆಡವಿದರೆ ಮೊದಲ ಎಫ್‌ಐಆರ್ ನಿಮ್ಮ ಮೇಲೇ ಬೀಳುತ್ತದೆ, 6ನೇ ಕಲಮಿನ ದಾವೆ ಹಾಕುವ ಅವಕಾಶ ಅವರಿಗೇ ಸಿಗುತ್ತದೆ. ಡಿಕ್ರಿ ಬಂದಮೇಲೆ ಕೋರ್ಟಿನ ಅಮೀನರ ಮೂಲಕವೇ ಸ್ವಾಧೀನ ತೆಗೆದುಕೊಳ್ಳಿ. ಅಂದೇ ಮಹಜರಿನ ಪ್ರತಿಗೆ ಅರ್ಜಿ ಕೊಟ್ಟು, ಬೀಗ ಬದಲಿಸಿ, ಬೇಲಿ ಹಾಕಿ.