ಅತ್ತೆಯ ಉಪ್ಪಿನಕಾಯಿ ಉಪ್ಪು

ಭರಣಿ ಮಳೆ ಹುಟ್ಟಿ ಎರಡು ದಿನವಾಗಿತ್ತು. ಏಪ್ರಿಲ್ 29ರ ಸಂಜೆ ದೇವರಾಯನದುರ್ಗದ ಕಡೆಯಿಂದ ಮೋಡ ಕವಿದು ಬಂದಾಗ ನಮ್ಮ ಬೀದಿಯವರೆಲ್ಲ ಮನೆ ಮುಂದೆ ಬಂದು ನಿಂತರು. ತುಮಕೂರಿನ ಬೇಸಿಗೆ ಕಂಡವರಿಗೆ ಆ ಮೋಡದ ಬೆಲೆ ಗೊತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆಯೇ ಇದೆಯಲ್ಲ. ನಾನು ಒಳಗೆ ಹೋಗಿ ಮೂರೂ ಡೀಪ್ ಫ್ರೀಜರಿನ ಮುಚ್ಚಳ ಸರಿಯಾಗಿ ಕೂತಿದೆಯಾ ಅಂತ ಒತ್ತಿ ನೋಡಿದೆ. ಆರೂ ನಲವತ್ತಕ್ಕೆ ಕರೆಂಟು ಹೋಯಿತು. ದಿನವಿಡೀ ಗುಂಯ್ ಅನ್ನುತ್ತಿದ್ದ ಕಂಪ್ರೆಸರುಗಳು ಒಟ್ಟಿಗೇ ನಿಂತಾಗ ಮನೆಯಲ್ಲಿ ಆಗುವ ಮೌನ ಇದೆಯಲ್ಲ, ಹನ್ನೊಂದು ವರ್ಷವಾದರೂ ನನಗೆ ಅದು ಅಭ್ಯಾಸವಾಗಿಲ್ಲ. ಎದೆ ಧಸಕ್ ಅನ್ನುತ್ತದೆ.

ಮನೆಯ ಮುಂಭಾಗ ನಮ್ಮ ಐಸ್‌ಕ್ರೀಮ್ ಅಂಗಡಿ, ಹಿಂದೆ ತಯಾರಿಸುವ ಕೋಣೆ, ಮೇಲೆ ನಾವು. ಮಾವ, ಅತ್ತೆ, ನನ್ನ ಯಜಮಾನರು, ನಾನು. ಕೆಲಸಕ್ಕೆ ಒಬ್ಬ ಹುಡುಗ ಬರುತ್ತಾನೆ. ಮಾರನೆಯ ದಿನ ಗುಬ್ಬಿ ರಸ್ತೆಯ ಒಂದು ಛತ್ರದಲ್ಲಿ ಮದುವೆ ಊಟಕ್ಕೆ ಆರುನೂರು ಕಪ್ ಕೊಡಬೇಕಿತ್ತು. ಎಲ್ಲವೂ ಬಾದಾಮಿ ಮಾವಿನ ಹಣ್ಣಿನವು, ಎರಡು ದಿನದ ದುಡಿಮೆ. ಹಾಲು, ಕೆನೆ, ಸಕ್ಕರೆ ಬೆರೆಸಿದ ಮಿಕ್ಸನ್ನು 80 ಡಿಗ್ರಿಗೆ ಕಾಯಿಸಿ, ತಣಿಸಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಡುತ್ತೇವೆ. ಮಾವ ಅದಕ್ಕೆ 'ಮಿಕ್ಸ್ ನಿದ್ದೆ ಮಾಡ್ಲಿ' ಅನ್ನುತ್ತಾರೆ. ನಿದ್ದೆ ಕೆಡಿಸಿದರೆ ಕೆನೆಯ ನುಣುಪು ಬರುವುದಿಲ್ಲ. ಬೆಳಗ್ಗೆ ಅದನ್ನು ಬ್ಯಾಚ್ ಫ್ರೀಜರ್ ಅನ್ನುವ ಯಂತ್ರದಲ್ಲಿ ತಣಿಸುತ್ತಲೇ ತಿರುಗಿಸಿ ಮೆತ್ತಗಿರುವಾಗಲೇ ಕಪ್ಪಿಗೆ ತುಂಬಿ ಗಟ್ಟಿಯಾಗಲು ಇಡುತ್ತೇವೆ. ಮಾವಿನ ಹಣ್ಣಾದರೆ ಇನ್ನೊಂದು ಕೆಲಸ ಹೆಚ್ಚು: ರಸವನ್ನು ಸಕ್ಕರೆ ಹಾಕಿ ಬತ್ತಿಸಿ ನೀರು ಕಡಿಮೆ ಮಾಡಬೇಕು. ಇಲ್ಲದಿದ್ದರೆ ಆ ನೀರೇ ಹರಳಾಗಿ ನಾಲಿಗೆಗೆ ಸಿಗುತ್ತದೆ. ನಮ್ಮ ಕಸುಬಿನಲ್ಲಿ ಹೋರಾಟವೆಲ್ಲ ನೀರಿನ ಜೊತೆಗೇ.

ಏಳೂವರೆಗೆ ಇವರು ಮಳೆಯಲ್ಲೇ ಹೋಗಿ ವಿಚಾರಿಸಿಕೊಂಡು ಬಂದರು. ಮರವೊಂದು ಲೈನಿನ ಮೇಲೆ ಬಿದ್ದು ಎರಡು ಕಂಬ ಮುರಿದಿದ್ದವು. ಲೈನ್‌ಮನ್‌ಗಳು ಆಗಲೇ ಕೊಡಲಿ ಹಿಡಿದು ಮರ ಕಡಿಯುತ್ತಿದ್ದರಂತೆ, ಆದರೆ ಬೆಳಗ್ಗೆಗೆ ಮುಂಚೆ ಆಗೋದಿಲ್ಲ ಅಂದರಂತೆ. ಜನರೇಟರಿಗೆ ನಾಲ್ಕು ಕಡೆ ಫೋನ್ ಮಾಡಿದೆವು. ಮದುವೆ ಸೀಸನ್, ಎಲ್ಲವೂ ಛತ್ರಗಳಲ್ಲಿ ನಿಂತಿದ್ದವು. ಮನೆಯ ಇನ್ವರ್ಟರ್ ಮೂರು ಫ್ಯಾನು, ಐದು ದೀಪಕ್ಕೆ. ಫ್ರೀಜರ್ ಶುರುವಾಗುವಾಗ ಎಳೆಯುವ ಲೋಡನ್ನು ಅದು ತಾಳುವುದಿಲ್ಲ.

ಮಾವ ಟಾರ್ಚ್ ಹಿಡಿದು ಮೂರು ಫ್ರೀಜರುಗಳ ಮುಂದೆ ಸ್ವಲ್ಪ ಹೊತ್ತು ನಿಂತರು. ಮೊದಲನೆಯದರಲ್ಲಿ ಮದುವೆಯ ಕಪ್ಪುಗಳು, ಒತ್ತಾಗಿ ತುಂಬಿದ್ದವು. ಎರಡನೆಯದು ಅರ್ಧ ಖಾಲಿ. ಬಟರ್‌ಸ್ಕಾಚ್, ವೆನಿಲಾ, ಪಿಸ್ತಾ ಟಬ್‌ಗಳು. ಮೂರನೆಯದು ಗಲ್ಲಾಪೆಟ್ಟಿಗೆಯ ಪಕ್ಕದ್ದು, ದಿನವಿಡೀ ತೆಗೆದು ಮುಚ್ಚುವಂಥದ್ದು, ಅದರಲ್ಲಿ ಕ್ಯಾಂಡಿ, ಕೋನು.

"ಮದ್ವೆ ಫ್ರೀಜರ್ ಮುಚ್ಚಳ ಯಾರೂ ಮುಟ್ಬೇಡಿ. ತುಂಬಿರೋ ಫ್ರೀಜರ್ ಬೇಗ ಬಿಸಿಯಾಗಲ್ಲ, ಒಂದಕ್ಕೊಂದು ತಣುಪು ಕೊಟ್ಕೊಂಡು ಇರ್ತವೆ. ಕ್ಯಾಂಡಿ ಬೀದಿ ಮಕ್ಕಳಿಗೆ ಕೊಟ್ಬಿಡಮ್ಮ, ಅದು ಉಳಿಯಲ್ಲ," ಅಂದರು.

ಆ ಕತ್ತಲಲ್ಲಿ, ಸೂರಿನ ನೀರಿನ ಕೆಳಗೆ, ಹತ್ತು ಹನ್ನೆರಡು ಮಕ್ಕಳು ಕ್ಯಾಂಡಿ ಚೀಪುತ್ತಾ ನಿಂತಿದ್ದು ಆ ರಾತ್ರಿಯಲ್ಲಿ ನಾನು ಕಂಡ ಒಂದೇ ಸಂತೋಷ.

ಎಂಟೂವರೆಗೆ ಮಾವ ಇದ್ದಕ್ಕಿದ್ದಂತೆ ಅತ್ತೆಯನ್ನು ಕೇಳಿದರು, "ಕಲ್ಲುಪ್ಪು ಎಷ್ಟೈತೆ ಮನೇಲಿ?"

ಅತ್ತೆ ಅಡುಗೆಮನೆಯಲ್ಲಿ ಸುಮ್ಮನಾದರು. ಅಂದು ಮಧ್ಯಾಹ್ನವೇ ಅವರು ವರ್ಷದ ಉಪ್ಪಿನಕಾಯಿಗೆ ಅಂತ ಎಂಟು ಕೆಜಿ ಮಾವಿನಕಾಯಿ ತೊಳೆದು, ಒರೆಸಿ, ಹೋಳು ಮಾಡಿ ಇಟ್ಟಿದ್ದರು. ಪಕ್ಕದಲ್ಲೇ ಹೊಸ ಕಲ್ಲುಪ್ಪಿನ ಚೀಲ. ಹೋಳಿಗೆ ಹೆಚ್ಚು ಹೊತ್ತು ಉಪ್ಪು ಬೀಳದಿದ್ದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಮಾತೂ ಆಡದೆ ಚೀಲ ತಂದು ಮಾವನ ಮುಂದೆ ಇಟ್ಟರು.

ಮಾವ 1980ರ ದಶಕದಲ್ಲಿ ಸೈಕಲ್ಲಿಗೆ ಮರದ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತಿ ಐಸ್‌ಕ್ಯಾಂಡಿ ಮಾರಿದವರು. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ದನಗಳ ಜಾತ್ರೆಯೇ ಅವರ ವರ್ಷದ ಆರಂಭ. ಆಮೇಲೆ ಮರದ ಬಕೆಟ್ಟಿನ ನಡುವೆ ಡಬ್ಬ ಇಟ್ಟು, ಸುತ್ತ ಐಸು ಮತ್ತು ಉಪ್ಪು ತುಂಬಿ, ಕೈಯಲ್ಲಿ ತಿರುವಿ ಐಸ್‌ಕ್ರೀಮ್ ಮಾಡಿ ಮಾರಿದರು. ಬರೀ ಐಸ್ ಕರಗುವಾಗ ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ, ಸೊನ್ನೆಗೆ ಐಸ್‌ಕ್ರೀಮ್ ಪಾಯಸ. ಉಪ್ಪು ಬಿದ್ದರೆ ಐಸ್ ಬೇಗ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ, ಹಾಗೆ ಎಳೆದುಕೊಳ್ಳುತ್ತಾ ತಾನೇ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಪುಸ್ತಕದ ಪ್ರಕಾರ ಮೈನಸ್ 21ರವರೆಗೂ ಇಳಿಯಬಲ್ಲದು. ಮಾವನಿಗೆ ಅಂಕಿ ಬೇಕಿರಲಿಲ್ಲ. "ನಾಲ್ಕು ಪಾಲು ಐಸಿಗೆ ಒಂದು ಪಾಲು ಉಪ್ಪು. ಬೆರಳಿಟ್ರೆ ಸುಟ್ಟಂಗಾಗಬೇಕು," ಅಂದರು.

ಇವರು ಲಗೇಜ್ ಆಟೋ ಮಾಡಿಕೊಂಡು ಐಸ್ ಫ್ಯಾಕ್ಟರಿಗೆ ಹೋದರು. ಅಲ್ಲೂ ಕರೆಂಟಿಲ್ಲ, ಆದರೆ ಮೀನು ಮಾರುಕಟ್ಟೆಗೆ ಅಂತ ತೆಗೆದಿಟ್ಟ ಗಡ್ಡೆಗಳಿದ್ದವು. ಹೊಟ್ಟು ಹಾಕಿ, ಗೋಣಿ ಸುತ್ತಿ ತಂದರು. ಅತ್ತೆಯ ಉಪ್ಪು ಹತ್ತು ಕೆಜಿ. ಸಾಲುವುದಿಲ್ಲ ಅಂತ ನನಗೆ ನೋಡಿದ ಕೂಡಲೇ ಗೊತ್ತಾಯಿತು. ಕೊಡೆ ಹಿಡಿದು ಮೂಲೆಯ ದಿನಸಿ ಅಂಗಡಿಗೆ ಹೋದೆ. ಶೆಟರ್ ಎಳೆದಿದ್ದರು, ಪಕ್ಕದ ಬಾಗಿಲು ತಟ್ಟಿದೆ. ಅಂಗಡಿಯವರು ಮೇಣದಬತ್ತಿ ಹಿಡಿದು ಬಂದು, ಉಪ್ಪು ಅಂದ ತಕ್ಷಣ ಹಿಂದೆ ಸರಿದರು.

"ದೀಪ ಹಚ್ಚಿದ್ಮೇಲೆ ಉಪ್ಪು ಕೊಡಲ್ಲಮ್ಮ ನಾವು. ನಿಮಗೂ ಗೊತ್ತಲ್ಲ."

ನನಗೂ ಗೊತ್ತು. ನಮ್ಮಮ್ಮನೂ ಕೊಡುತ್ತಿರಲಿಲ್ಲ. ಆದರೂ ಆರುನೂರು ಕಪ್ಪಿನ ವಿಷಯ ಹೇಳಿದೆ. ಅವರು ಒಂದು ಕ್ಷಣ ನನ್ನ ನೆನೆದ ಸೆರಗು ನೋಡಿದರು. ಒಳಗೆ ಹೋಗಿ 25 ಕೆಜಿಯ ಮೂಟೆಯನ್ನು ಎಳೆದು ತಂದು ಹೊಸಿಲಿನ ಆಚೆ ಇಟ್ಟರು. "ನಾನು ಕೊಟ್ಟಿಲ್ಲ. ಅಲ್ಲಿತ್ತು, ನೀವು ತಗೊಂಡ್ರಿ. ದುಡ್ಡು ನಾಳೆ." ಅಂಥ ನೆರೆಯವರು ಸಿಗುವುದಕ್ಕೆ ಪುಣ್ಯ ಮಾಡಿರಬೇಕು.

ರಾತ್ರಿ ಒಂದು ಗಂಟೆಯವರೆಗೂ ಗೋಣಿಯೊಳಗೆ ಐಸ್ ಹಾಕಿ ಸುತ್ತಿಗೆಯಲ್ಲಿ ಕುಟ್ಟಿದೆವು. ಉಪ್ಪು ಬೆರೆಸಿ, ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿ, ಎರಡೆರಡು ಗಂಟು ಹಾಕಿ ಬಿಗಿದೆವು. ಉಪ್ಪು ನೀರಿನ ಒಂದು ಹನಿ ಕಪ್ಪಿಗೆ ತಾಗಿದರೂ ಮುಗಿಯಿತು. ಮಾವ ಒಂದು ಸಲ ಮಾತ್ರ ಮದುವೆ ಫ್ರೀಜರಿನ ಮುಚ್ಚಳ ತೆಗೆದರು. ನಾವು ಮೂವರು ಸಾಲಾಗಿ ನಿಂತು ಕೈಯಿಂದ ಕೈಗೆ ಕವರು ದಾಟಿಸಿದೆವು, ಅವರು ಕಪ್ಪುಗಳ ಮೇಲೂ ಬದಿಗೂ ಜೋಡಿಸಿ ಮುಚ್ಚಿದರು. ಮೇಲೆ ಎರಡು ಕಂಬಳಿ. ಎರಡನೆಯ ಫ್ರೀಜರಿಗೆ ಉಳಿದದ್ದು ನಾಲ್ಕೇ ಕವರು. ನನ್ನ ಅಂಗೈ ಚರ್ಮ ಉಪ್ಪಿಗೂ ತಣ್ಣಗೆಗೂ ಬಿರಿದು ಉರಿಯುತ್ತಿತ್ತು. ಅತ್ತೆ ಕೊಬ್ಬರಿ ಎಣ್ಣೆ ಸವರಿ, "ಮಲ್ಕೋ ಹೋಗಮ್ಮ," ಅಂದರು. ಯಾರೂ ಮಲಗಲಿಲ್ಲ. ಮೂರು ಗಂಟೆಗೆ ಥರ್ಮಾಮೀಟರ್ ನೋಡಿದೆ: ಮದುವೆಯದು ಮೈನಸ್ 14, ಎರಡನೆಯದು ಮೈನಸ್ 8.

ಮೈನಸ್ 8 ಅಂದರೆ ಮುಟ್ಟಿದರೆ ಇನ್ನೂ ತಣ್ಣಗೇ ಇರುತ್ತದೆ, ಆದರೆ ಚಮಚ ಸಲೀಸಾಗಿ ಇಳಿಯುತ್ತದೆ. ಬೆಳಗ್ಗೆ ಹೊತ್ತಿಗೆ ಬಟರ್‌ಸ್ಕಾಚ್ ಟಬ್‌ಗಳ ಅಂಚು ನೀರಾಗಿತ್ತು.

"ಕರೆಂಟ್ ಬಂದ್ರೆ ಮತ್ತೆ ಗಟ್ಟಿಯಾಗುತ್ತಲ್ಲಪ್ಪ," ಅಂದರು ಇವರು. ದಣಿದಿದ್ದರು. ಎರಡನೆಯ ಫ್ರೀಜರಿನಲ್ಲಿ ಮೂವತ್ತೆಂಟು ಲೀಟರ್ ಇತ್ತು, ಅದರ ದುಡ್ಡಿನ ಲೆಕ್ಕವೂ ಅವರ ತಲೆಯಲ್ಲಿತ್ತು.

ಮಾವ ಉತ್ತರ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ನಾನು ಈ ಮನೆಗೆ ಬಂದ ಮೊದಲ ವರ್ಷ ಅವರು ನನ್ನ ಮುಂದೆ ಎರಡು ಕಪ್ ಇಟ್ಟು ತಿನ್ನು ಅಂದಿದ್ದರು. ಒಂದೇ ದಿನ, ಒಂದೇ ಮಿಕ್ಸಿನಲ್ಲಿ ಮಾಡಿದ ವೆನಿಲಾ. ಒಂದು ಬಾಯಲ್ಲಿ ಬೆಣ್ಣೆಯಂತೆ ಇಳಿಯಿತು. ಇನ್ನೊಂದರಲ್ಲಿ ಐಸಿನ ಹರಳು ಕರಕರ ಅಂತು, ಕಪ್ಪಿನ ನಡುವೆ ಗುಂಡಿ ಬಿದ್ದಿತ್ತು. ಎರಡನೆಯದನ್ನು ಕರಗಿಸಿ ಮತ್ತೆ ಗಟ್ಟಿ ಮಾಡಿದ್ದರು ಅಷ್ಟೇ. ತಿರುಗಿಸುವಾಗ ಮಿಕ್ಸಿನೊಳಗೆ ಹೋದ ಗಾಳಿಯೇ ಐಸ್‌ಕ್ರೀಮನ್ನು ಹಗುರ ಮಾಡುವುದು. ಗಾಳಿಯಲ್ಲೂ ಮೋಸ ಮಾಡಬಹುದು ಅಂತಲೇ ಒಂದು ಲೀಟರ್ ಐಸ್‌ಕ್ರೀಮ್ 525 ಗ್ರಾಂಗಿಂತ ಹಗುರ ಇರಬಾರದು ಅಂತ ಕಾನೂನಿದೆ. ಒಮ್ಮೆ ಕರಗಿತೋ ಗಾಳಿ ಹೋಯಿತು, ನೀರು ಬೇರೆ ಆಯಿತು. ಮತ್ತೆ ಗಟ್ಟಿಯಾಗುವಾಗ ಆ ನೀರು ದೊಡ್ಡ ದೊಡ್ಡ ಹರಳು ಕಟ್ಟುತ್ತದೆ. ಕರಗಿ ಬೆಚ್ಚಗಾದ ಹೊತ್ತಿನಲ್ಲಿ ಹಾಲಿನಲ್ಲಿ ಕ್ರಿಮಿ ಬೆಳೆಯುತ್ತದೆ, ಮತ್ತೆ ಫ್ರೀಜರಿಗೆ ಇಟ್ಟರೆ ಅದು ಸಾಯುವುದಿಲ್ಲ. ತಿನ್ನುವ ಮಗುವಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಗೊತ್ತಿರುವುದು ಮಾಡುವವರಿಗೆ ಮಾತ್ರ.

ಮೂವತ್ತೆಂಟು ಲೀಟರನ್ನೂ ಚೆಲ್ಲಿದೆವು. ಮೋರಿಗೆ ಸುರಿದರೆ ಕೊಬ್ಬು ಕಟ್ಟಿಕೊಳ್ಳುತ್ತದೆ, ಹಾಗಾಗಿ ಹಿತ್ತಲಿನ ತೆಂಗಿನ ಮರದ ಪಾತಿಯಿಂದ ಆಚೆ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದೆವು. ಚೆಲ್ಲಿದ್ದನ್ನೂ ಪುಸ್ತಕದಲ್ಲಿ ಬರೆಯಬೇಕು. ಹಾಳಾದ ಮಾಲಿಗೆ ಹಾಕಿದ ಸಾಮಾನಿನ ಮೇಲೆ ನಾವು ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟನ್ನು, ಅಂದರೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಗೆ ಸಿಕ್ಕ ವಿನಾಯಿತಿಯನ್ನು, ವಾಪಸ್ ಮಾಡಬೇಕು. ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟಿ ಮುಗಿಸುವ, ಸಣ್ಣ ಹೋಟೆಲಿನವರಿಗೆ ಇರುವ ಕಾಂಪೋಸಿಷನ್ ಸೌಲಭ್ಯ ಐಸ್‌ಕ್ರೀಮ್ ತಯಾರಿಸುವವರಿಗೆ ಎಷ್ಟು ಸಣ್ಣವರಾದರೂ ಇಲ್ಲ. ಇದು ನ್ಯಾಯ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಒಂಬತ್ತು ಗಂಟೆಗೆ ಮದುವೆ ಫ್ರೀಜರ್ ತೆಗೆದೆವು. ಮಾವ ಪ್ರತಿ ಕಪ್ಪಿನ ತಳವನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು. ಕವರು ತಾಗದ ಮೂಲೆಯವು ಮೆತ್ತಗಾಗಿದ್ದವು. ಎಪ್ಪತ್ತನ್ನು ಪಕ್ಕಕ್ಕೆ ಎತ್ತಿಟ್ಟರು. ಉಳಿದ ಐನೂರ ಮೂವತ್ತು ಕಲ್ಲಿನಂತೆ ಇದ್ದವು. ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಉಳಿದ ಉಪ್ಪಿನ ಐಸಿನ ಕವರುಗಳ ಜೊತೆ ತುಂಬಿ ವ್ಯಾನಿಗೆ ಹಾಕಿದೆವು.

ಛತ್ರದಲ್ಲಿ ಹೆಣ್ಣಿನ ತಂದೆಗೆ ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಗುಬ್ಬಿ ಕಡೆಯ ರೈತರು, ಹೊಸ ಪಂಚೆಯ ಅಂಚಿಗೆ ಕೆಸರು ತಾಗಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತು ಕಪ್ ಕಡಿಮೆ ಇದೆ, ರಾತ್ರಿ ಕರೆಂಟಿರಲಿಲ್ಲ, ಅದರ ದುಡ್ಡು ಬಿಲ್ಲಿನಲ್ಲಿ ಕಳೆದಿದ್ದೀವಿ, ತಪ್ಪಾಯಿತು ಅಂದೆ.

"ಮಳೆ ಬಂತಲ್ಲಮ್ಮ," ಅಂದರು ಅವರು. ಮುಖ ತುಂಬ ನಗು. "ಒಂದು ಉಳುಮೆ ಆಗೋ ಅಷ್ಟು ಹುಯ್ದೈತೆ. ಐಸ್‌ಕ್ರೀಮ್ ಇದ್ದಷ್ಟು ಬಡಿಸಿ. ಊಟ ಮಾಡ್ಕೊಂಡೇ ಹೋಗ್ಬೇಕು ಮತ್ತೆ."

ಊಟದ ಕೊನೆಯಲ್ಲಿ ನಾನೂ ಒಂದು ಕಪ್ ತೆಗೆದುಕೊಂಡೆ, ಒಳಗೆ ಅಳುಕಿಟ್ಟುಕೊಂಡೇ. ನಾಲಿಗೆಗೆ ಒಂದು ಹರಳೂ ಸಿಗಲಿಲ್ಲ. ಮಾವನಿಗೆ ಫೋನ್ ಮಾಡಿ ಹೇಳಿದೆ. "ಹೂಂ," ಅಂದರು. ಆಮೇಲೆ, "ಕರೆಂಟ್ ಬಂತು, ಈಗ ಹನ್ನೊಂದೂವರೆಗೆ. ಬರ್ತಾ ಹಾಲು ತಗೊಂಡ್ಬನ್ನಿ, ನಾಳೆಗೆ ಮಿಕ್ಸ್ ಕಾಯಿಸಬೇಕು," ಅಂದರು.

ಮನೆಗೆ ಬಂದಾಗ ಮಳೆ ತೊಳೆದ ಬಿಸಿಲು ಚುರುಗುಟ್ಟುತ್ತಿತ್ತು. ಮಾಳಿಗೆಯ ಮೇಲೆ ಅತ್ತೆ ಹಳೆ ಸೀರೆ ಹಾಸಿ ಮಾವಿನಕಾಯಿ ಹೋಳುಗಳನ್ನೆಲ್ಲ ಒಂದೊಂದಾಗಿ ಹರಡುತ್ತಿದ್ದರು. ರಾತ್ರಿಯಿಡೀ ಉಪ್ಪಿಲ್ಲದೆ ಕೂತು ಅಂಚು ಕಪ್ಪಾಗಿದ್ದವು. ಉಪ್ಪಿನಕಾಯಿಗೆ ಬರುವುದಿಲ್ಲ, ಒಣಗಿಸಿ ಇಟ್ಟರೆ ಮಳೆಗಾಲದಲ್ಲಿ ಸಾರಿಗೆ ಆಗುತ್ತದೆ ಅಂದರು. ನಾನು ಪಕ್ಕದಲ್ಲಿ ಕೂತು ಹೋಳು ಹರಡಲು ಕೈ ಹಾಕಿದೆ. ಬಿರಿದ ಅಂಗೈಗೆ ಹುಳಿ ತಾಗಿ ಚುರ್ ಅಂತು.

"ನಾಳೆ ಬೇರೆ ಕಾಯಿ ತರ್ತೀನಿ ಅತ್ತೆ. ಉಪ್ಪೂ ತರ್ತೀನಿ."

"ಬೆಳಗ್ಗೇನೇ ತಗೊಂಡ್ಬಾ," ಅಂದರು ಅತ್ತೆ, ಹೋಳಿನಿಂದ ಕಣ್ಣು ಎತ್ತದೆ. "ದೀಪ ಹಚ್ಚೋ ಹೊತ್ತಿಗೆ ಹೋಗಿ ಅವರನ್ನ ಮತ್ತೆ ಕಷ್ಟಕ್ಕೆ ಸಿಕ್ಕಿಸ್ಬೇಡ."