ಖುಲಾಸೆಯಾದ ಮೇಲಿನ ಕಾಗದಪತ್ರ

ಖುಲಾಸೆ ಎಂದು ಕೋರ್ಟಿನಲ್ಲಿ ಕೇಳಿದ ಕೂಡಲೇ ಮನೆಯವರು ಧಾರವಾಡ ಕೇಂದ್ರ ಕಾರಾಗೃಹದ ಗೇಟಿಗೆ ಓಡುತ್ತಾರೆ. ಆದರೆ ಬಿಡುಗಡೆ ಆದೇಶ ಸಂಜೆ ಕೈದಿಗಳನ್ನು ಒಳಗೆ ಹಾಕಿ ಬೀಗ ಜಡಿಯುವ ಲಾಕಪ್‌ಗೆ ಮುಂಚೆ ಜೈಲು ಕಚೇರಿ ಮುಟ್ಟದಿದ್ದರೆ ಆ ರಾತ್ರಿಯೂ ಒಳಗೇ. ಮುಟ್ಟಿದರೂ ಗುನ್ನಾ ನಂಬರು, ಹೆಸರು, ತಂದೆಯ ಹೆಸರು ಜೈಲಿನ ವಾರಂಟಿಗೆ ತಾಳೆಯಾಗಬೇಕು. ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ ಅಂತಿದ್ದರೆ ತಿದ್ದುಪಡಿಗೆ ಮತ್ತೆ ಕೋರ್ಟಿಗೇ ಹೋಗಬೇಕಾಗುತ್ತದೆ. ಬೇರೆ ಕೇಸಿನ ಬಾಡಿ ವಾರಂಟ್ (ಆ ಕೇಸಿನ ಕೋರ್ಟಿಗೆ ಕೈದಿಯನ್ನು ಹಾಜರುಪಡಿಸುವ ಆದೇಶ) ಬಾಕಿ ಇದ್ದರಂತೂ ಬಿಡುವುದೇ ಇಲ್ಲ.

ಹೊರಬರುವಾಗ ಒಳಗೆ ಜಮಾ ಮಾಡಿದ್ದ ದುಡ್ಡು, ಗಡಿಯಾರದ ಜತೆಗೆ ಔಷಧದ ಚೀಟಿಗಳನ್ನೂ ಕೇಳಿ ಪಡೆಯಬೇಕು. ಬಿಪಿ, ಟಿಬಿ ಅಥವಾ ನಿದ್ದೆಯ ಗುಳಿಗೆ ನಡುವೆ ನಿಂತರೆ ತೊಂದರೆ. ನಿದ್ದೆಯೇ ಬಾರದವರಿಗೆ ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಫೋನಿನಲ್ಲಿ ಮಾತಾಡಲು ಟೆಲಿ-ಮಾನಸ್ ಸಹಾಯವಾಣಿ 14416.

ಮೊದಲ ಕೆಲಸ ತೀರ್ಪಿನ ದೃಢೀಕೃತ ನಕಲು. ಮೊಬೈಲಿನಲ್ಲಿ ಇಳಿಸಿಕೊಂಡ ಪ್ರತಿ ಓದಲು ಸಾಕು, ಕಚೇರಿಗೆ ನಡೆಯದು. ಎರಡು ಮೂರು ಪ್ರತಿ ತೆಗೆಸುವುದು ಒಳ್ಳೆಯದು. ತೀರ್ಪಿನ ಕೊನೆಯ ಪುಟಗಳನ್ನು ವಕೀಲರೊಂದಿಗೆ ಕೂತು ಓದಿ. 'ಸಂಶಯದ ಲಾಭ ನೀಡಿ' ಬಿಟ್ಟಿದ್ದಾರೋ, ಆರೋಪವೇ ಸುಳ್ಳೆಂದು ಬರೆದಿದ್ದಾರೋ ಎಂಬುದರ ಮೇಲೆ ಮುಂದಿನ ನೌಕರಿ, ಪರಿಹಾರ ಎರಡೂ ನಿಂತಿವೆ. ಸರ್ಕಾರ ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ ಅವಕಾಶವಿದೆ. ಅದಕ್ಕೆಂದೇ ಆರು ತಿಂಗಳ ಮುಚ್ಚಳಿಕೆ ಬರೆಸಿಕೊಂಡಿರುತ್ತಾರೆ. ಜಮೀನಿನ ಉತಾರ ಕೊಟ್ಟು ಜಾಮೀನು ನಿಂತವರಿಗೆ ಇದನ್ನು ತಿಳಿಸಬೇಕು. ಕೇಸಿನಲ್ಲಿ ಜಪ್ತಾಗಿ ಮುದ್ದೆಮಾಲಾಗಿ ಹೋದ ಬೈಕು, ಮೊಬೈಲುಗಳೂ ಸಾಮಾನ್ಯವಾಗಿ ಮೇಲ್ಮನವಿಯ ಅವಧಿ ಮುಗಿದ ಮೇಲೆಯೇ, ಅದೂ ಅರ್ಜಿ ಹಾಕಿದರೆ, ಕೈಗೆ ಬರುತ್ತವೆ.

ನಂತರ ಆಧಾರ್. ರೀಚಾರ್ಜ್ ಇಲ್ಲದೆ ಹಳೆಯ ಸಿಮ್ ಸತ್ತಿರುತ್ತದೆ, ಓಟಿಪಿ ಬಾರದು, ಓಟಿಪಿ ಇಲ್ಲದೆ ಅರ್ಧ ಕೆಲಸ ನಿಂತಂತೆಯೇ. ಹೊಸ ಸಿಮ್ ತೆಗೆದುಕೊಂಡು ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ನಂಬರು ಜೋಡಿಸಿದ ಮೇಲೆ ಬ್ಯಾಂಕಿಗೆ ಹೋಗಿ. ಎರಡು ವರ್ಷ ವ್ಯವಹಾರ ನಡೆಯದ ಖಾತೆ ನಿಷ್ಕ್ರಿಯವಾಗಿರುತ್ತದೆ. ಕೆವೈಸಿ ಕೊಟ್ಟರೆ ಚಾಲೂ ಆಗುತ್ತದೆ, ದುಡ್ಡು ಎಲ್ಲೂ ಹೋಗಿರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಉಳಿದಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಕೆಲಸದ ಮಾತು ಬಿಕ್ಕಟ್ಟಿನದು. ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿಗೆ ಹೋದರೆ ಸಾಮಾನ್ಯವಾಗಿ ಯಾರೂ ಪೊಲೀಸ್ ಪ್ರಮಾಣಪತ್ರ ಕೇಳುವುದಿಲ್ಲ. ಸೆಕ್ಯುರಿಟಿ ಕೆಲಸಕ್ಕೆ ಕೇಳುತ್ತಾರೆ, ಹಳೇ ಕೇಸು ಅಲ್ಲಿ ಎದ್ದು ಕಾಣುತ್ತದೆ. ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ, ತೀರ್ಪಿನ ಪ್ರತಿ ಲಗತ್ತಿಸಿ. ಖುಲಾಸೆಗಿಂತ ಮುಚ್ಚಿಟ್ಟದ್ದೇ ನೌಕರಿಗೆ ಕುತ್ತು. ಓಣಿಯಲ್ಲಿ "ಯಾವಾಗ ಬಂದ್ಯೋ ತಮ್ಮಾ? ಸುಮ್‌ಸುಮ್ಮನ ಹಿಡೀತಾರೇನ?" ಎನ್ನುವವರಿಗೆ ತೀರ್ಪು ಓದಿ ಹೇಳುವ ಗೊಡವೆ ಬೇಡ. ಆದರೆ ಠಾಣೆಯ ರೌಡಿ ಪಟ್ಟಿಯಲ್ಲಿ ಹೆಸರಿದ್ದರೆ ಸುಮ್ಮನಿರುವಂತಿಲ್ಲ. ಕೈಬಿಡಲು ಹುಬ್ಬಳ್ಳಿ-ಧಾರವಾಡದಲ್ಲಿ ಪೊಲೀಸ್ ಆಯುಕ್ತರಿಗೆ, ಗದಗ, ಹಾವೇರಿಯಲ್ಲಿ ಎಸ್‌ಪಿಗೆ ಅರ್ಜಿ ಕೊಡಬೇಕು.

ಪರಿಹಾರದ ವಿಷಯದಲ್ಲಿ ಹೆಚ್ಚಿನವರು ಮೋಸಹೋಗುವುದು ಗಡುವಿನಲ್ಲಿ. ದುರುದ್ದೇಶದಿಂದ ಕೇಸು ಹಾಕಿದವರ ಮೇಲೆ ಪರಿಹಾರಕ್ಕಾಗಿ ಸಿವಿಲ್ ದಾವೆ ಹೂಡಲು ಖುಲಾಸೆಯಿಂದ ಒಂದೇ ವರ್ಷ. ಸರ್ಕಾರದ ಮೇಲಾದರೆ ಮೊದಲು ಎರಡು ತಿಂಗಳ ನೋಟಿಸು. ಖುಲಾಸೆಯೊಂದೇ ಸಾಲದು, ದುರುದ್ದೇಶವನ್ನೂ ಸಾಬೀತು ಮಾಡಬೇಕು. ವಿನಾಕಾರಣ ಬಂಧನಕ್ಕೆ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಗರಿಷ್ಠ ಮೊತ್ತ 1,000 ರೂಪಾಯಿ. ಅದು ನಾಚಿಕೆಗೇಡಿನ ಅಂಕಿ. ಇನ್ನೊಂದು ದಾರಿ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿದ್ದ ಬಿಹಾರದ ರುದುಲ್ ಸಾಹ್‌ಗೆ 1983ರಲ್ಲಿ ಸುಪ್ರೀಂ ಕೋರ್ಟೇ ಪರಿಹಾರ ಕೊಡಿಸಿತ್ತು. ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ, 2018ರಲ್ಲಿ, ಇದಕ್ಕೆ ಪ್ರತ್ಯೇಕ ಕಾನೂನೇ ಬೇಕೆಂದಿತು.

ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಹೊರಬಂದ ಮೇಲೆ ಮಹಿಳೆಯರು, ಪರಿಶಿಷ್ಟರಂಥವರನ್ನು ಬಿಟ್ಟರೆ ಉಳಿದವರಿಗೆ ಆದಾಯ ಮಿತಿ ಅಡ್ಡಬರುತ್ತದೆ. ವಿಚಾರಿಸಲು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಎಫ್‌ಐಆರ್, ರಿಮಾಂಡ್ ಆದೇಶ, ಎಷ್ಟು ದಿನ ಒಳಗಿದ್ದರೆಂಬ ಜೈಲಿನ ಪ್ರಮಾಣಪತ್ರ, ಕೇಸಿಗಾಗಿ ಮಾಡಿದ ಸಾಲದ ಬಡ್ಡಿ ರಸೀದಿ ಇವಿಷ್ಟನ್ನು ಒಂದೇ ಫೈಲಿಗೆ ಹಾಕಿ ವಕೀಲರ ಬಳಿ ಒಯ್ಯಿರಿ.