ವರ್ಷಕ್ಕೊಂದೇ ಮೊಳಕೆ: ಜಪಾನ್, ಚೀನಾದ ಕಾಡುಕೆಸುಗಳನ್ನು ಮನೆತೋಟದಲ್ಲಿ ಉಳಿಸಿಕೊಳ್ಳುವ ಬಗೆ

ಅರಿಸೀಮ ಎಂಬ ಕಾಡುಕೆಸುವಿನ ಗಡ್ಡೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಳಕೆ ಕಳಿಸುತ್ತದೆ. ಆ ವರ್ಷದ ಎಲೆ, ಹೂವು ಎಲ್ಲವೂ ಅದರೊಳಗೇ ಮಡಚಿಕೊಂಡು ಕೂತಿರುತ್ತವೆ. ಅದು ಮುರಿದರೆ, ಹುಳು ತಿಂದರೆ, ಹಿಮಕ್ಕೆ ಕರಗಿದರೆ ಇನ್ನೊಂದು ಬರುವುದು ಅಪರೂಪ. ಗಡ್ಡೆ ಒಡನೆ ಸಾಯುವುದಿಲ್ಲ. ಕೂಡಿಟ್ಟದ್ದನ್ನೇ ತಿಂದುಕೊಂಡು ಮಣ್ಣೊಳಗಿದ್ದು, ಮರುವರ್ಷ ಸಣ್ಣದಾಗಿ ಏಳುತ್ತದೆ. ನೆರಳುಗಿಡಗಳ ನರ್ಸರಿಯಲ್ಲಿ ಗಡ್ಡೆಗಳನ್ನು ನೋಡಿಕೊಳ್ಳುವವರು ಮೊದಲು ಕಲಿಯಬೇಕಾದ ಪಾಠ ಇದೇ. ಈ ಗಿಡದಲ್ಲಿ ಮಾಡಿದ ತಪ್ಪು ಆಗಲೇ ಕಾಣುವುದಿಲ್ಲ. ಜುಲೈನಲ್ಲಿ ನೀರು ಕೊಡದೆ ಎಲೆ ಬೇಗ ಒಣಗಿಸಿದ್ದು ಮುಂದಿನ ಏಪ್ರಿಲ್‌ನಲ್ಲಿ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಕಾರಣ ಮರೆತುಹೋಗಿರುತ್ತದೆ, ಬೈಗುಳ ಮಾತ್ರ ಚಳಿಗಾಲಕ್ಕೆ.

ಇವು ನಮ್ಮ ಕೆಸು, ಸುವರ್ಣಗಡ್ಡೆಗಳ ಬಳಗದವು. ಅರಿಸೀಮ ಕುಲದ ಕೆಲವು ಜಾತಿಗಳು ಸಹ್ಯಾದ್ರಿಯಲ್ಲೂ ಮುಂಗಾರಿನ ಜತೆ ಮೇಲೇಳುತ್ತವೆ. ಹೂವನ್ನು ಸುತ್ತಿಕೊಂಡಿರುವ ಹಾಳೆ ಹಾವು ಹೆಡೆ ಎತ್ತಿದಂತೆ ಕಾಣುವುದರಿಂದ ಅದನ್ನು ಇಲ್ಲಿ ಹೆಡೆ ಎಂದೇ ಕರೆಯುತ್ತೇನೆ, ಒಳಗಿನ ಕಂಬವನ್ನು ದಿಂಡು ಎನ್ನುತ್ತೇನೆ. ಇಲ್ಲಿ ಹೇಳುವ ತಿಂಗಳು, ಅಳತೆಗಳೆಲ್ಲ ಹಿಮ ಬೀಳುವ ಊರುಗಳಲ್ಲಿ ಮನೆ ಮಾಡಿಕೊಂಡಿರುವವರಿಗೆ. ಬೆಂಗಳೂರಿನ ಮಾತು ಕೊನೆಯಲ್ಲಿದೆ.

ಯಾವುದರಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ನಾನು ಮೊದಲು ಕೊಡುವುದು ಉರಶಿಮವನ್ನು. ಜಪಾನಿನ ಗಿಡ. ಕಂದುನೇರಳೆ ಹೆಡೆಯೊಳಗಿಂದ ದಿಂಡಿನ ತುದಿ ದಾರದಂತೆ ಹೊರಚಾಚಿ ಅರ್ಧ ಮೀಟರಿಗೂ ಮೀರಿ ಇಳಿಬೀಳುತ್ತದೆ. ಆ ದಾರವನ್ನು ಜಪಾನೀಯರು ಉರಶಿಮ ತಾರೊ ಎಂಬ ಜನಪದ ಕಥೆಯ ಬೆಸ್ತನ ಗಾಳದ ದಾರಕ್ಕೆ ಹೋಲಿಸಿ ಹೆಸರಿಟ್ಟಿದ್ದಾರೆ. ಇದು ಮರಿಗಡ್ಡೆ ಧಾರಾಳವಾಗಿ ಹಾಕುತ್ತದೆ, ಒಂದೆರಡು ತಪ್ಪು ತಡೆದುಕೊಳ್ಳುತ್ತದೆ. ಎಲ್ಲರೂ ಫೋಟೋ ನೋಡಿ ಮರುಳಾಗುವ ಸಿಕೊಕಿಯಾನಮ್ ಹಾಗಲ್ಲ. ಕಪ್ಪುನೇರಳೆ ಹೆಡೆಯ ನಡುವೆ ಅಚ್ಚ ಬಿಳಿಯ ಗುಂಡು ದಿಂಡು, ಜಪಾನಿ ಹೆಸರು ಯುಕಿಮೊಚಿಸೊ, ಅಂದರೆ ಹಿಮದಂಥ ಅಕ್ಕಿಕಡುಬಿನ ಗಿಡ. ಇದು ಮರಿಗಡ್ಡೆ ಹಾಕುವುದೇ ಅಪರೂಪ. ಹಾಗಾಗಿ ಗಡ್ಡೆಯೊಂದು ಕೊಳೆತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೀಜದಿಂದ ಸಸಿಗಳನ್ನು ಸದಾ ಬೆಳೆಸುತ್ತಿರುವವರ ತೋಟದಲ್ಲಿ ಮಾತ್ರ ಇದು ನಿಲ್ಲುತ್ತದೆ. ಹೊಳೆಯುವ ದೊಡ್ಡ ಎಲೆಯ ರಿಂಜೆನ್ಸ್‌ಗೆ ಅಲ್ಲಿ ಮುಸಾಶಿ ಅಬುಮಿ ಎಂಬ ಹೆಸರು. ಮುಸಾಶಿ ಸೀಮೆಯ ಕುದುರೆ ರಿಕಾಪಿನಂತೆ ಹೆಡೆ ಬಾಗಿರುತ್ತದೆ. ಚೀನಾ ಕಡೆಯಿಂದ ಬಂದವುಗಳಲ್ಲಿ ಕಾನ್ಸಾಂಗ್ವಿನಿಯಮ್ ಗಟ್ಟಿ, ಒಂದು ಮೀಟರ್ ಎತ್ತರಕ್ಕೆ ಕೊಡೆಯಂಥ ಎಲೆ ಬಿಡಿಸುತ್ತದೆ. ಬಿಳಿ, ಗುಲಾಬಿ ಗೆರೆಯ ಕ್ಯಾಂಡಿಡಿಸಿಮಮ್ ಯುನ್ನಾನ್, ಸಿಚುವಾನ್ ಬೆಟ್ಟಗಳದ್ದು. ಹೂವಿಗೆ ನವುರಾದ ಪರಿಮಳವಿದೆ.

ಮಣ್ಣಿನ ವಿಷಯದಲ್ಲಿ ಜಿಪುಣತನ ಬೇಡ. ಕಾಡಿನ ಗಿಡ ಎಂದೊಡನೆ ತೇವದ ಮೂಲೆ ಹುಡುಕಿ ನೆಡುವವರೇ ಹೆಚ್ಚು. ಆದರೆ ಇವು ಕಾಡಿನಲ್ಲಿ ಬೆಳೆಯುವುದು ಬಹುಪಾಲು ಇಳಿಜಾರಿನಲ್ಲಿ, ಕಲ್ಲುಕಸದ ಮೇಲೆ ಎಲೆ ಕೊಳೆತು ಕೂತ ಸಡಿಲ ಮಣ್ಣಿನಲ್ಲಿ. ಅಲ್ಲಿ ಮಳೆ ಸುರಿದರೂ ನಿಲ್ಲದೆ ಇಳಿದುಹೋಗುತ್ತದೆ. ನಾವು ಬಳಸುವ ಅಳತೆ ಇದು: ಚೆನ್ನಾಗಿ ಕೊಳೆತ ಎಲೆಗೊಬ್ಬರ ಅಥವಾ ಕೊಳೆಸಿದ ತೊಗಟೆಯ ಪುಡಿ 2 ಪಾಲು, ತೋಟದ ಮಣ್ಣು 1 ಪಾಲು, ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು ಅಥವಾ 4ರಿಂದ 6 ಮಿಲಿಮೀಟರ್‌ನ ಸಣ್ಣ ಜಲ್ಲಿ 1 ಪಾಲು. ನಯವಾದ ಮರಳು ಹಾಕಬೇಡಿ. ಅದು ಜೇಡಿಯ ಜತೆ ಸೇರಿ ಸಿಮೆಂಟಿನಂತೆ ಕೂರುತ್ತದೆ. ಜೇಡಿಮಣ್ಣಿನ ಹಿತ್ತಲಾದರೆ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬುವುದೂ ತಪ್ಪೇ. ಸುತ್ತಲ ನೀರೆಲ್ಲ ಆ ಗುಂಡಿಗೇ ಬಂದು ಬಾವಿಯಾಗುತ್ತದೆ. ನೆಲದ ಮೇಲೆಯೇ 20ರಿಂದ 25 ಸೆಂಟಿಮೀಟರ್ ಎತ್ತರದ ಏರುಮಡಿ ಕಟ್ಟಿ.

ಬೆಳಗಿನ ಎರಡು ಮೂರು ತಾಸು ಬಿಸಿಲು, ಆಮೇಲೆ ಮರದ ಸೋಸುನೆರಳು ಸಿಕ್ಕರೆ ಸಾಕು. ಕಗ್ಗತ್ತಲ ಮೂಲೆಯಲ್ಲಿ ಎಲೆ ಚೆನ್ನಾಗಿಯೇ ಕಂಡರೂ ಗಡ್ಡೆ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ.

ನೆಡುವ ಆಳದಲ್ಲಿ ಹೆಚ್ಚಿನವರು ಎಡವುತ್ತಾರೆ. ಆಲೂಗಡ್ಡೆಯ ರೂಢಿಯಲ್ಲಿ ಬೇರು ಕೆಳಗೆ ಎಂದು ನಂಬಿ ಗಡ್ಡೆಯನ್ನು ಮೇಲುಮೇಲೆ ಹೂಳುತ್ತಾರೆ. ಅರಿಸೀಮದ ಬೇರು ಹೊರಡುವುದು ಗಡ್ಡೆಯ ನೆತ್ತಿಯಿಂದ, ಮೊಳಕೆಯ ಬುಡದ ಸುತ್ತಲಿಂದ. ಗಡ್ಡೆಯ ಮೇಲೆ ಮಣ್ಣು ತೆಳುವಾಗಿದ್ದರೆ ಬೇರು ಬಿಸಿಗೆ ಒಣಗುತ್ತದೆ, ಗಿಡವೂ ಗಾಳಿಗೆ ವಾಲುತ್ತದೆ. ದೊಡ್ಡ ಗಡ್ಡೆಯ ನೆತ್ತಿಯ ಮೇಲೆ 10ರಿಂದ 15 ಸೆಂಟಿಮೀಟರ್ ಮಣ್ಣು ಬರಬೇಕು, ಗೋಲಿಗಾತ್ರದವಕ್ಕೆ 5 ಸಾಕು. ಕುಂಡವಾದರೆ ಆಳ 20 ಸೆಂಟಿಮೀಟರಿಗೆ ಕಡಿಮೆ ಬೇಡ. ಮೊಳಕೆ ಯಾವ ಕಡೆ ಎಂದು ತಿಳಿಯದಿದ್ದರೆ ಗಡ್ಡೆಯನ್ನು ಅಡ್ಡ ಮಲಗಿಸಿ. ದಾರಿ ಅದೇ ಹುಡುಕಿಕೊಳ್ಳುತ್ತದೆ.

ಈಗ ನೀರು. ಗಡ್ಡೆಗಳು ಹೆಚ್ಚಾಗಿ ಸಾಯುವುದು ಇಲ್ಲೇ. ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ, ಎಲೆ ನೋಡಿ ಹಾಕಿ. ಮೊಳಕೆ ಮಣ್ಣು ಸೀಳಿದ ದಿನದಿಂದ ಎಲೆ ಹಸಿರಾಗಿರುವವರೆಗೆ ಮಣ್ಣು ಒಣಗಬಾರದು. ಮಳೆ ಇಲ್ಲದಿದ್ದರೆ ವಾರಕ್ಕೆ 2.5 ಸೆಂಟಿಮೀಟರ್ ಮಳೆಗೆ ಸಮನಾಗುವಷ್ಟು ನೀರು, ಅಂದರೆ ಚದರ ಮೀಟರಿಗೆ 25 ಲೀಟರ್. ಎಲೆಯ ಅಂಚು ಹಳದಿಗೆ ತಿರುಗಿದೊಡನೆ ಅರ್ಧಕ್ಕಿಳಿಸಿ, ಕಾಂಡ ಬಾಗಿ ಬಿದ್ದ ದಿನ ನಿಲ್ಲಿಸಿಬಿಡಿ. ಎಲೆ ಬಾಡಿತು ಎಂದು ಕರುಣೆಯಿಂದ ಹಾಕುವ ಆ ಹೆಚ್ಚಿನ ಎರಡು ಕೊಡ ನೀರೇ ಗಡ್ಡೆಯನ್ನು ಕೊಳೆಸುವುದು. ಎಲೆ ಹೋದ ಮೇಲೆ ಬೇರೂ ಹೋಗಿರುತ್ತದೆ, ನೀರು ಹೀರುವವರು ಯಾರೂ ಇರುವುದಿಲ್ಲ. ಗಿಡ ಚಳಿಯನ್ನು ತಡೆದುಕೊಳ್ಳುತ್ತದೆ, ಚಳಿಯ ಜತೆ ನಿಂತ ನೀರನ್ನಲ್ಲ. ಚಳಿಗಾಲದಲ್ಲಿ ಜಡಿಮಳೆ ಹಿಡಿಯುವ ಊರಾದರೆ ಪಾತಿಯ ಮೇಲೆ ಗಾಜಿನ ಹಲಗೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಓರೆಯಾಗಿ ಕಟ್ಟಿ. ಕುಂಡಗಳನ್ನು ಸೂರಿನಡಿ ಮಗ್ಗುಲಾಗಿ ಮಲಗಿಸಿಡಿ.

ಕಿತ್ತಿಡುವುದಾದರೆ ಅಕ್ಟೋಬರ್‌ನಲ್ಲಿ ಕೀಳಿ. ಮಣ್ಣನ್ನು ಬ್ರಷ್‌ನಿಂದ ಕೊಡವಿ, ತೊಳೆಯಬೇಡಿ. ಎರಡು ದಿನ ನೆರಳಿನಲ್ಲಿ ಆರಿಸಿ, ಕೈಗೆ ತೇವ ತಾಗಿಯೂ ತಾಗದಂತಿರುವ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಪುಡಿಯಲ್ಲಿ ಹೂತು, ತೂತು ಮಾಡಿದ ಪಾಲಿಥಿನ್ ಚೀಲಕ್ಕೆ ಹಾಕಿ ಫ್ರಿಡ್ಜಿನಲ್ಲಿ 4ರಿಂದ 7 ಡಿಗ್ರಿಯಲ್ಲಿಡಿ. ತಿಂಗಳಿಗೊಮ್ಮೆ ಒತ್ತಿ ನೋಡಿ. ಮೆತ್ತಗಾದ ಕಡೆ ಚಾಕುವಿನಿಂದ ಕೆತ್ತುತ್ತ ಹೋಗಿ, ಬಿಳಿ ಗಟ್ಟಿ ಭಾಗ ಸಿಕ್ಕಾಗ ನಿಲ್ಲಿಸಿ ಗಂಧಕದ ಪುಡಿ ಸವರಿ, ನಾಲ್ಕು ದಿನ ಗಾಳಿಗೆ ಒಣಗಿಸಿದ ಮೇಲೆಯೇ ಮತ್ತೆ ಹೂಳಿ. ಅರ್ಧ ಗಡ್ಡೆ ಉಳಿದರೂ ಮೊಳಕೆಯ ಕಣ್ಣು ಇದ್ದರೆ ಬದುಕುತ್ತದೆ.

ಕಿತ್ತಾಗ ತೂಗಿ ಬರೆದಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 40 ಗ್ರಾಂ ಇದ್ದದ್ದು 55 ಆಗಿದ್ದರೆ ಜಾಗ, ನೀರು, ಗೊಬ್ಬರ ಎಲ್ಲ ಒಗ್ಗಿದೆ. 30ಕ್ಕೆ ಇಳಿದಿದ್ದರೆ ಹೂವು ಎಷ್ಟು ಚೆಂದ ಬಂದಿದ್ದರೂ ಅದು ಹಳೆಯ ಉಳಿತಾಯ ಕರಗಿಸಿ ಬಂದ ಹೂವು. ಆ ವರ್ಷವೇ ಜಾಗ ಬದಲಿಸಿ. ಒಂದು ವರ್ಷ ತಡವಾಗಿ ಬರುವ ಸುದ್ದಿಯನ್ನು ಆರು ತಿಂಗಳು ಮೊದಲೇ ತಿಳಿಯಲು ನನಗೆ ಗೊತ್ತಿರುವ ದಾರಿ ಇದೊಂದೇ.

ಏಳುವ ಹೊತ್ತೂ ಒಂದೊಂದರದು ಒಂದೊಂದು. ಸಿಕೊಕಿಯಾನಮ್, ರಿಂಜೆನ್ಸ್ ಅವಸರದವು. ಮಾರ್ಚ್‌ನಲ್ಲೇ ಮೂತಿ ತೋರಿಸಿ ಕೊನೆಯ ಹಿಮಕ್ಕೆ ಸಿಕ್ಕಿಬೀಳುತ್ತವೆ. ಹಿಮ ಬೀಳುವ ಸೂಚನೆ ಇದ್ದ ಸಂಜೆ ಬಕೆಟ್ ಮಗುಚಿ, ಬೆಳಿಗ್ಗೆ ಬಿಸಿಲು ಏರುವ ಮೊದಲು ತೆಗೆಯಿರಿ. ಕ್ಯಾಂಡಿಡಿಸಿಮಮ್ ಇದಕ್ಕೆ ತದ್ವಿರುದ್ಧ, ಜೂನ್‌ವರೆಗೂ ಸದ್ದಿಲ್ಲ. ತಂಪಿನ ಊರಿನಲ್ಲಿ ಜೂನ್ ಕೊನೆಯೂ ಆಗಬಹುದು. ಸತ್ತೇಹೋಯಿತು ಎಂದು ಮೇ ತಿಂಗಳಲ್ಲಿ ಕೆದಕಿ, ಹೊರಡಲಿದ್ದ ಒಂದೇ ಮೊಳಕೆಯನ್ನು ಸಲಾಕೆಯಿಂದ ಮುರಿದ ಮೇಲೆ ನರ್ಸರಿಗೆ ದೂರು ಬರುತ್ತದೆ. ನೆಟ್ಟ ದಿನವೇ ಗಡ್ಡೆಯ ಎರಡೂ ಬದಿ ಬಿದಿರಿನ ಕಡ್ಡಿ ಸಿಕ್ಕಿಸಿ, ಏಳುವ ತಿಂಗಳನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಕಟ್ಟಿ. ಪೆನ್ನಿನ ಶಾಯಿ ಬಿಸಿಲಿಗೆ ಹಾರಿಹೋಗುತ್ತದೆ. ಮೊಳಕೆಯ ಹೊತ್ತಿಗೆ ಚಿಪ್ಪಿಲ್ಲದ ಬಸವನಹುಳು ಒಂದು ರಾತ್ರಿಯಲ್ಲಿ ಕೆಲಸ ಮುಗಿಸುತ್ತದೆ, ಅದಕ್ಕೆ ಐರನ್ ಫಾಸ್ಫೇಟ್ ಕಾಳು ಎರಡು ವಾರ ಮೊದಲೇ ಚೆಲ್ಲಿ. ಕುಂಡದಲ್ಲಿ ವೀವಿಲ್ ಎಂಬ ಮೂತಿಜೀರುಂಡೆಯ ಮರಿಹುಳು ಗಡ್ಡೆ ಕೊರೆಯುತ್ತದೆ. ಕುಂಡ ಬದಲಿಸುವಾಗ ಮಣ್ಣಿನಲ್ಲಿ ಬಿಳಿಯ ಮೈ, ಕಂದು ತಲೆಯ ಹುಳು ಕಂಡರೆ ಆ ಮಣ್ಣನ್ನು ಪೂರ್ತಿ ಎಸೆಯಿರಿ. ಗೊಬ್ಬರಕ್ಕೆ ಹೆಚ್ಚು ಮಾತು ಬೇಡ: ಎಲೆ ಬಿಚ್ಚಿದಂದಿನಿಂದ ಹದಿನೈದು ದಿನಕ್ಕೊಮ್ಮೆ, ಡಬ್ಬಿಯ ಮೇಲೆ ಬರೆದದ್ದರ ಅರ್ಧ ಪ್ರಮಾಣದ ದ್ರವಗೊಬ್ಬರ.

ಇನ್ನು ಬೀಜ. ಅರಿಸೀಮಕ್ಕೆ ಗಂಡು ಹೆಣ್ಣು ಎಂಬುದು ಗಡ್ಡೆಯ ಗಾತ್ರಕ್ಕೆ ಸೇರಿದ ಮಾತು. ಹೆಚ್ಚಿನ ಜಾತಿಗಳಲ್ಲಿ ಸಣ್ಣ ಗಡ್ಡೆ ಗಂಡು ಹೂ ಬಿಡುತ್ತದೆ, ಬಲಿತದ್ದು ಹೆಣ್ಣಾಗುತ್ತದೆ, ಸೊರಗಿದರೆ ಮತ್ತೆ ಗಂಡು. ಪರಾಗ ಸಾಗಿಸುವುದು ಅಣಬೆನೊಣ ಎಂಬ ಚಿಕ್ಕ ಕೀಟ. ಗಂಡು ಹೆಡೆಯ ಬುಡದಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ, ನೊಣ ಪರಾಗ ಮೆತ್ತಿಕೊಂಡು ಅಲ್ಲಿಂದ ಪಾರಾಗುತ್ತದೆ. ಹೆಣ್ಣು ಹೆಡೆಗೆ ಆ ಕಿಂಡಿ ಇಲ್ಲ. ಒಳಹೊಕ್ಕ ನೊಣ ಕಾಯಿ ಕಟ್ಟಿಸಿ ಸಾಮಾನ್ಯವಾಗಿ ಅಲ್ಲೇ ಸಾಯುತ್ತದೆ. ಮನೆತೋಟದಲ್ಲಿ ನೊಣವನ್ನೇ ನೆಚ್ಚಿಕೊಳ್ಳಬೇಡಿ. ಗಂಡು ಹೆಡೆಯನ್ನು ತಟ್ಟಿದರೆ ಬುಡದಲ್ಲಿ ಪರಾಗ ಹಿಟ್ಟಿನಂತೆ ಸೇರುತ್ತದೆ. ಅದನ್ನು ಮೆತ್ತನೆ ಬ್ರಷ್‌ಗೆ ತೆಗೆದುಕೊಂಡು, ಹೆಣ್ಣು ಹೆಡೆಯ ಬುಡದಲ್ಲಿ ಬ್ಲೇಡಿನಿಂದ ಪುಟ್ಟ ಕಿಟಕಿ ಕೊಯ್ದು, ಒಳಗಿನ ಹಸಿರು ಕಾಳುಗಳ ಮೇಲೆ ಸವರಿ. ಎರಡು ದಿನ ಬಿಟ್ಟು ಇನ್ನೊಮ್ಮೆ. ಸಿಕೊಕಿಯಾನಮ್ ಜಪಾನಿನ ಬೇರೆ ಜಾತಿಗಳ ಜತೆ ಸುಲಭವಾಗಿ ಬೆರೆಯುವುದರಿಂದ ಶುದ್ಧ ಬೀಜ ಬೇಕಿದ್ದರೆ ಹೆಡೆಯ ಬಾಯನ್ನು ಹತ್ತಿಯಿಂದ ಮುಚ್ಚಿ.

ಹಣ್ಣು ಕೆಂಪಾಗಿ ಮೆತ್ತಗಾದಾಗ ಕೊಯ್ದು, ಕೈಗವಸು ಹಾಕಿಕೊಂಡು ತಿರುಳು ತೆಗೆಯಿರಿ. ಕೆಸುವಿನ ತುರಿಕೆ ಗೊತ್ತಿರುವವರಿಗೆ ಕಾರಣ ಹೇಳಬೇಕಿಲ್ಲ, ಅದೇ ಸೂಜಿಯಂಥ ಆಕ್ಸಲೇಟ್ ಹರಳು. ಹುಣಸೆ ಹಾಕಿ ಬೇಯಿಸಿ ತುರಿಕೆ ಕಳೆಯುವ ಅಡುಗೆಮನೆಯ ಉಪಾಯ ಇವಕ್ಕೆ ಬೇಡ, ಇವು ತಿನ್ನುವ ಗಡ್ಡೆಗಳಲ್ಲ. ತಿರುಳಿನಲ್ಲಿ ಮೊಳಕೆ ತಡೆಯುವ ಅಂಶ ಇರುವುದರಿಂದ ಬೀಜವನ್ನು ಮೂರು ದಿನ ನೀರು ಬದಲಿಸುತ್ತ ನೆನೆಸಿ, 1 ಸೆಂಟಿಮೀಟರ್ ಆಳದಲ್ಲಿ ಬಿತ್ತಿ 18ರಿಂದ 20 ಡಿಗ್ರಿಯಲ್ಲಿಡಿ. ಏಷ್ಯಾದ ಹಲವು ಜಾತಿಗಳು ಚಳಿಗೆ ಕಾಯದೆ ಮೊಳೆಯುತ್ತವೆ. ಕೆಲವು ಜಾತಿಗಳು ಮೊದಲ ವರ್ಷ ಎಲೆಯನ್ನೇ ಬಿಡದೆ ಮಣ್ಣೊಳಗೆ ಬಟಾಣಿಯಷ್ಟು ಗಡ್ಡೆ ಕಟ್ಟಿ ಸುಮ್ಮನಾಗುತ್ತವೆ. ಬರಿ ಮಣ್ಣು ಎಂದು ಆ ಟ್ರೇಯನ್ನು ಗೊಬ್ಬರದ ಗುಂಡಿಗೆ ಸುರಿಯಬೇಡಿ, ಎರಡು ವಸಂತ ಕಾಯಿರಿ.

ಇದೇ ಬಳಗದ ಪಿನೆಲಿಯಾ ಟರ್ನೇಟಾವನ್ನು ಮಾತ್ರ ನೆಲದಲ್ಲಿ ನೆಡಬೇಡಿ. ಚೀನೀ ಔಷಧದಲ್ಲಿ ಬಾನ್‌ಶಿಯಾ ಎಂದು ಹೆಸರಾದದ್ದು. ಎಲೆಯ ತೊಟ್ಟಿನ ಮೇಲೆಯೇ ಸಣ್ಣ ಮರಿಗಡ್ಡೆ ಕಟ್ಟಿ ಉದುರಿಸುತ್ತದೆ, ಕಿತ್ತಷ್ಟೂ ಹಬ್ಬುತ್ತದೆ. ಪಿನೆಲಿಯಾ ಬೇಕೆಂದರೆ ಕಾರ್ಡೇಟಾ ತನ್ನಿ. ನೇರಳೆ ಬೆನ್ನಿನ ಪುಟ್ಟ ಎಲೆ, ಹೂವಿಗೆ ಹಣ್ಣಿನ ಘಮ. ಅದನ್ನೂ ಕುಂಡದಲ್ಲಿಯೇ ಇಡಿ.

ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿಯ ಗುಳ್ಳೆ ಕಂಡರೆ ಅದು ತುಕ್ಕು ರೋಗ. ಅಮೆರಿಕದ ಕಾಡಿನ ಅರಿಸೀಮದಲ್ಲಿ ಇದು ಸಾಮಾನ್ಯ. ಗಡ್ಡೆಯೊಳಗೇ ನೆಲೆಸುವುದರಿಂದ ಎಲೆ ಕತ್ತರಿಸಿದರೂ ಮರುವರ್ಷ ಮತ್ತೆ ಬರುತ್ತದೆ. ಗಿಡವನ್ನು ಗಡ್ಡೆಸಮೇತ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಕೊಳ್ಳುವಾಗ ಬೀಜದಿಂದ ಬೆಳೆಸಿದ ಗಡ್ಡೆಯೇ ಎಂದು ಕೇಳಿ ಕೊಳ್ಳಿ. ಅಗ್ಗದ ರಾಶಿಯಲ್ಲಿ ಬರುವವು ಎಷ್ಟೋ ಸಲ ಕಾಡಿನಿಂದ ಅಗೆದವು, ಹೆಸರೂ ಅದಲುಬದಲು. ಜಪಾನಿನಲ್ಲಿ ಸಿಕೊಕಿಯಾನಮ್ ಅಳಿವಿನ ಅಂಚಿಗೆ ಸರಿಯುತ್ತಿರುವ ಗಿಡಗಳ ಪಟ್ಟಿಯಲ್ಲಿದೆ. ಕಾಡಿನ ಗಡ್ಡೆ ಕೊಂಡು ತೋಟ ಚೆಂದ ಮಾಡಿಕೊಳ್ಳುವುದಕ್ಕಿಂತ ನಾಲ್ಕು ವರ್ಷ ಬೀಜದ ಟ್ರೇ ಕಾಯುವುದು ಮೇಲು.

ಬೆಂಗಳೂರು, ಮಲೆನಾಡಿನಿಂದ ಕೇಳುವವರಿಗೆ: ಸಿಕೊಕಿಯಾನಮ್, ಉರಶಿಮಗಳಿಗೆ ನಿಜವಾದ ಚಳಿಗಾಲದ ನಿದ್ದೆ ಬೇಕು, ನಮ್ಮ ಡಿಸೆಂಬರ್ ಅದಕ್ಕೆ ಸಾಲದು. ಬದಲಿಗೆ ಕೊಂಜಾಕ್ ಬೆಳೆಸಿ. ಸುವರ್ಣಗಡ್ಡೆಯ ಕುಲದ್ದೇ ಆದ ಈ ಗಿಡದ ಗಡ್ಡೆಯಿಂದ ಜಪಾನೀಯರು ಕೊನ್ಯಾಕು ಎಂಬ ಜೆಲ್ಲಿಯಂಥ ತಿನಿಸು ಮಾಡುತ್ತಾರೆ. ಅಲ್ಲಿ ಬೆಳೆಯುವುದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಗುನ್ಮಾ ಪ್ರಾಂತ್ಯದ್ದು. ಅಲ್ಲಿನ ರೈತರು ವಸಂತದಲ್ಲಿ ನೆಟ್ಟು, ಶರತ್ಕಾಲದಲ್ಲಿ ಕಿತ್ತು, ಚಳಿಗಾಲವಿಡೀ ಹಿಮ ಸೋಕದಂತೆ ಒಳಗಿಟ್ಟು ಮತ್ತೆ ನೆಡುತ್ತ, ಎರಡು ಮೂರು ವರ್ಷಕ್ಕೆ ಗಡ್ಡೆ ಬಲಿಸುತ್ತಾರೆ. ನಿಮ್ಮಲ್ಲಿ 40 ಸೆಂಟಿಮೀಟರ್ ಅಗಲದ ಗ್ರೋ ಬ್ಯಾಗಿನಲ್ಲಿ ಮೇಲೆ ಹೇಳಿದ ಅಳತೆಯದೇ ಮಣ್ಣು ತುಂಬಿ ಮೇ ತಿಂಗಳಲ್ಲಿ ನೆಡಿ, ಅರೆನೆರಳಿನಲ್ಲಿಡಿ. ಎಲೆ ಬಿದ್ದ ಮೇಲೆ ಚೀಲವನ್ನು ಒಣಗಿದ ಜಾಗಕ್ಕೆ ಸರಿಸಿ, ಮುಂದಿನ ಮೊಳಕೆಯವರೆಗೆ ಒಂದು ಹನಿಯೂ ಹಾಕಬೇಡಿ. ಹೂ ಬಿಟ್ಟ ವರ್ಷ ಕೊಳೆತ ಮಾಂಸದ ನಾತ ಮೂರು ನಾಲ್ಕು ದಿನ ಇರುತ್ತದೆ, ಚೀಲವನ್ನು ಕಿಟಕಿಯ ಬದಿಯಿಂದ ದೂರ ಇಟ್ಟಿರಿ.